ಬಲಗಡೆಯ ಜಾಗ

ಭಾನುವಾರ, ಮಧ್ಯಾಹ್ನ

ಮೂಗಿನ ತುದಿಯಲ್ಲೇ ಸಿಟ್ಟಿಟ್ಟುಕೊಂಡಿರುವ ನನ್ನ ನಾದಿನಿಗೆ,

ನಾನು ಚೆನ್ನಾಗಿದ್ದೇನೆ. ನೀನೂ ಚೆನ್ನಾಗಿರಬೇಕು, ಇಲ್ಲದಿದ್ದರೆ ಮನೆ ಬಿಟ್ಟು ಹೋಗಿ ಏನು ಸುಖ? ಇದು ರಾಜಿಯ ಕಾಗದ ಅಂದುಕೊಳ್ಳಬೇಡ. ಕೋಳಿಗಳ ವಿಷಯ ತಿಳಿಸಬೇಕಿತ್ತು, ಅಷ್ಟೇ.

ಹೊಸ ಮರಿಗಳಿಗೆ ಮೊನ್ನೆ ಶುಕ್ರವಾರ ಕೊಕ್ಕರೆ ರೋಗದ ಲಸಿಕೆ ಹಾಕಿದೆ. ಇದು ಇಬ್ಬರ ಕೆಲಸ, ನಿನಗೇ ಗೊತ್ತು. ನಾನು ಕಣ್ಣಿಗೆ ಹನಿ ಬಿಟ್ಟು, ಮರಿ ರೆಪ್ಪೆ ಮಿಟುಕಿಸಿದ ಮೇಲೆ ನಿನ್ನ ಕೈಗೆ ಕೊಡುವುದು. ನೀನು ಕೊಕ್ಕು ಬಿಡಿಸಿ, ಲಸಿಕೆಯ ಬಣ್ಣಕ್ಕೆ ನಾಲಿಗೆ ನೀಲಿಯಾಗಿದೆಯೇ ನೋಡಿ, ಆಯ್ತು, ಮುಂದಿನೋರು ಬನ್ನಿ ಅಂತ ದೊಡ್ಡ ಡಾಕ್ಟರಂತೆ ಕೂಗುವುದು.

ಈ ಸಲ ಪಕ್ಕದ ಮನೆಯ ದರ್ಜಿಯನ್ನು ಕರೆದಿದ್ದೆ. ಅವನು ಮರಿಯನ್ನು ಅಂಗಿಯ ಗುಂಡಿ ಹಿಡಿದಂತೆ ಹಿಡಿದ. ಮಾತಿನ ಭರದಲ್ಲಿ ಹನಿ ಹಾಕಿದ ಮರಿಯನ್ನು ಹಾಕದವುಗಳ ಜೊತೆ ಬಿಟ್ಟ. ಕೈ ಮುಗಿದು ಕಳಿಸಿದೆ. ಬೆರೆಸಿದ ಲಸಿಕೆ ಕಾಯುವುದಿಲ್ಲವಲ್ಲ, ಒಬ್ಬಳೇ ಕೂತೆ.

ಮೊದಲ ಮರಿಗೆ ಹನಿ ಬಿಟ್ಟು, ತಲೆ ಎತ್ತದೆ ಬಲಕ್ಕೆ ಚಾಚಿ ಕೈ ಸಡಿಲಿಸಿದೆ. ಅಲ್ಲಿ ನೀನಿರಲಿಲ್ಲ. ಮರಿ ನೆಲಕ್ಕೆ ಹಾಸಿದ ಹೊಟ್ಟಿನ ಮೇಲೆ ಬಿದ್ದು, ಎದ್ದು ಓಡಿತು. ಸ್ವಲ್ಪ ಹೊತ್ತಿಗೆ ಮತ್ತೊಂದಕ್ಕೂ ಹಾಗೇ ಮಾಡಿದೆ ಕಣೇ. ಆ ಗಾಬರಿಯಲ್ಲಿ ಒಂದು ಹನಿ ನನ್ನ ಎಡಗಣ್ಣಿಗೇ ಹಾರಿತು. ತೋರಿಸಲು ಹೋದರೆ ಪಶುವೈದ್ಯರು ನಕ್ಕುಬಿಟ್ಟರು, ಎರಡು ದಿನ ಕೆಂಪಗಿರುತ್ತೆ, ನಿಮಗಿನ್ನು ಕೊಕ್ಕರೆ ರೋಗದ ಭಯ ಇಲ್ಲ ಬಿಡಿ ಅಂದರು. ನಾನು ಅಳುತ್ತಿದ್ದೆ ಅಂತ ದರ್ಜಿ ನಿನಗೆ ಸುದ್ದಿ ಮುಟ್ಟಿಸಿದರೆ ನಂಬಬೇಡ. ಅದು ಲಸಿಕೆ.

ಅಣ್ಣನೇ ಹೋದ ಮೇಲೆ ನೀವ್ಯಾರೋ ನಾನ್ಯಾರೋ ಅಂತ ನೀನು ಬಾಗಿಲು ಬಡಿದು ಹೋದೆ. ನಾನು ಯೋಚಿಸಿ ನೋಡಿದೆ. ನಿನ್ನಣ್ಣ ಬದುಕಿದ್ದಾಗಲೂ ಶೆಡ್ಡಿಗೆ ಕಾಲಿಟ್ಟವರಲ್ಲ, ಕೋಳಿ ವಾಸನೆಗೆ ಮೂಗು ಮುಚ್ಚುತ್ತಿದ್ದರು. ಅಲ್ಲಿದ್ದವರು ಆಗಲೂ ನಾವಿಬ್ಬರೇ.

ಮರಿಗಳು ಸೀನುತ್ತಿವೆ, ಅಂದರೆ ಲಸಿಕೆ ಹಿಡಿದಿದೆ. ಮನೆಯಲ್ಲಿ ಬೇರೆ ಸದ್ದಿಲ್ಲದ್ದರಿಂದ ಅದನ್ನೇ ಕೇಳುತ್ತ ಕೂತಿರುತ್ತೇನೆ. ಒಂದು ಸೀನಿಗಾದರೂ ಚಿರಂಜೀವಿ ಅನ್ನುವವರು ಬೇಕು.

ಎರಡು ವಾರ ಬಿಟ್ಟು ಎರಡನೆಯ ಹನಿ. ಬರುವುದಾದರೆ ಬಾ. ಬಾರದಿದ್ದರೂ ಬಲಗಡೆ ಜಾಗ ಬಿಟ್ಟೇ ಕೂರುತ್ತೇನೆ.

ನೀನು ಒಪ್ಪಿದರೂ ಒಪ್ಪದಿದ್ದರೂ,
ನಿನ್ನ ಅತ್ತಿಗೆ

ಮರೆತ ಮಾತು: ಹನಿ ಬಿದ್ದದ್ದು ಎಡಗಣ್ಣಿಗೆ ಮಾತ್ರ. ಕೆಂಪಾಗಿರುವುದು ಎರಡೂ.