ಮೂರು ಎಣಿಸಿ ಬಾರಿಸಿದ ಗಂಟೆ

ಮಾನ್ಯ ಭಾಷಾ ಪರೀಕ್ಷಾಧಿಕಾರಿಗಳೇ,

ನೀವು ನಮ್ಮ ತರಗತಿಗೆ ಬಂದು ಹೋದ ಮೇಲೆ ನನ್ನ ವಿದ್ಯಾರ್ಥಿನಿಯೊಬ್ಬಳು ಶಾಲೆಗೆ ಬರುವುದನ್ನೇ ಬಿಟ್ಟಿದ್ದಾಳೆ. ಅವಳಿಗೆ ಪಾಠ ಬರುವುದಿಲ್ಲವೆಂದು ನೀವು ತೀರ್ಪು ಕೊಟ್ಟಿರಿ. ಬರುತ್ತದೆ ಎಂದು ನಾಲ್ಕು ಜನರೆದುರು ಹೇಳಲು ಈ ಬಹಿರಂಗ ಪತ್ರ. ನಿಮ್ಮ ಕಚೇರಿಗೇ ಬಂದು ಹೇಳಿದ್ದೆ, 'ಪರಿಶೀಲಿಸಲಾಗುವುದು' ಎಂದರು. ಆ ಪದದ ಅರ್ಥ ತಿಳಿಯುವಷ್ಟು ವಯಸ್ಸು ನನಗೂ ಆಗಿದೆ.

ಅಂದಿನ ಪಾಠ ಇಂಗ್ಲಿಷಿನಲ್ಲಿ ಎಣಿಸಬಹುದಾದ ಮತ್ತು ಎಣಿಸಲಾಗದ ನಾಮಪದಗಳದ್ದು. ಅದಕ್ಕೆ ನಮ್ಮಲ್ಲೊಂದು ರೂಢಿಯಿದೆ. ಮೇಜಿನ ಮೇಲೆ ಎರಡು ಬುಟ್ಟಿ: ಎಣಿಸಬಹುದಾದವಕ್ಕೆ 'ಮೆನಿ', ಎಣಿಸಲಾಗದವಕ್ಕೆ 'ಮಚ್'. ಮಕ್ಕಳು ಮನೆಯಿಂದ ತಂದದ್ದನ್ನು ಸರಿಯಾದ ಬುಟ್ಟಿಗೆ ಹಾಕಿ, ಆಮೇಲೆ ಬಾಯಿಬಿಟ್ಟು ಹೇಳಬೇಕು. ಈ ಹುಡುಗಿ ದರ್ಜಿಯ ಮಗಳು. ಅಪ್ಪನ ಅಂಗಡಿಯ ಗುಂಡಿಗಳನ್ನು ಮೆನಿಗೆ ಸುರಿಯುತ್ತಾಳೆ, ದಿಂಬಿನ ಹತ್ತಿಯನ್ನು ಮಚ್‌ಗೆ ತುರುಕುತ್ತಾಳೆ. ಅವಳಿಗೆ ಉಗ್ಗು. ಅದರಲ್ಲೂ 'ಮ' ಬಂತೆಂದರೆ ತುಟಿ ಅಂಟಿಕೊಂಡುಬಿಡುತ್ತದೆ. ನಮ್ಮ ಗ್ರಹಚಾರಕ್ಕೆ ಎರಡೂ ಬುಟ್ಟಿಗೆ ಅದೇ ಅಕ್ಷರ! ಆದರೆ ಕೈಯಲ್ಲೊಂದು ವಸ್ತುವಿದ್ದರೆ ಮಾತು ಹೇಗೋ ಹೊರಬರುತ್ತದೆ. ಅಷ್ಟು ಹೊತ್ತು ಮಿಕ್ಕ ಮಕ್ಕಳು ಪೆನ್ಸಿಲ್ ಚೂಪು ಮಾಡಿಕೊಳ್ಳುತ್ತಾರೆ, ಕಿಟಕಿಯಾಚೆ ನೋಡುತ್ತಾರೆ. ಯಾರೊಬ್ಬರೂ ಅವಳ ಮಾತನ್ನು ತಾವು ಮುಗಿಸುವುದಿಲ್ಲ. ಇದು ನಾನು ಕಲಿಸಿದ್ದಲ್ಲ.

ನೀವು ಬಂದಿರಿ. "ಇದೇನ್ರೀ ಟೀಚರ್, ಸಂತೆ ಹಾಕಿದ್ದೀರಾ?" ಎಂದು ಬುಟ್ಟಿಗಳನ್ನು ಮೇಜಿನ ಕೆಳಗೆ ತಳ್ಳಿ, ಆ ಜಾಗದಲ್ಲಿ ನೀವು ತಂದಿದ್ದ ಗಂಟೆ ಇಟ್ಟಿರಿ. ಅವಳನ್ನು ನಿಲ್ಲಿಸಿ "ಸಾಲ್ಟ್?" ಎಂದಿರಿ. ಅವಳ ತುಟಿ ಕೂಡಿಕೊಂಡಿತು. ನೀವು ಬೆರಳು ಮಡಚುತ್ತಾ ಮೂರು ಎಣಿಸಿ, ಸಮಯ ಮುಗಿಯಿತೆಂದು ಗಂಟೆ ಬಾರಿಸಿದಿರಿ. ಹುಡುಗಿ ಬಗ್ಗಿ, ಮೇಜಿನಡಿಯಿಂದ ಮಚ್ ಬುಟ್ಟಿಯನ್ನೇ ಎಳೆದು ನಿಮ್ಮ ಮುಂದಿಟ್ಟಳು. ಇದಕ್ಕಿಂತ ಸರಿಯುತ್ತರ ಇನ್ನೇನಿತ್ತು, ಸ್ವಾಮಿ? "ನಾಟಕ ಬೇಡಮ್ಮ. ಗೊತ್ತಿದ್ದಿದ್ರೆ ಹೇಳ್ತಿದ್ದೆ" ಎಂದು ಸೊನ್ನೆ ಸುತ್ತಿದಿರಿ. ಆ ಸೊನ್ನೆಯಿಂದಾಗಿ ಅವಳ ಗೆಳತಿಯರೆಲ್ಲ ಮುಂದಿನ ತರಗತಿಗೆ ಹೋಗುತ್ತಾರೆ, ಅವಳು ಅದೇ ಬೆಂಚಿನಲ್ಲಿ ಉಳಿಯುತ್ತಾಳೆ.

ನೀವೇ ಒಪ್ಪಿದ ಪಠ್ಯದಲ್ಲಿ 'ಟೈಮ್' ಎಂಬುದು ಎಣಿಸಲಾಗದ ನಾಮಪದಗಳ ಸಾಲಿನಲ್ಲಿದೆ. ವಿದ್ವಾಂಸರಾದ ತಾವು ಅದನ್ನು ಬೆರಳಲ್ಲಿ ಎಣಿಸಿ ತೋರಿಸಿದ್ದೀರಿ, ಸಂತೋಷ. ಆದರೆ ನೀವು ಪರೀಕ್ಷಿಸಲು ಬಂದದ್ದು ಇಂಗ್ಲಿಷನ್ನೋ, ನಾಲಿಗೆಯ ಓಟವನ್ನೋ? ಓಟವೇ ಆಗಿದ್ದರೆ ಮೈದಾನಕ್ಕೆ ಕರೆಯಬಹುದಿತ್ತು. ಅವಳು ಚೆನ್ನಾಗಿ ಓಡುತ್ತಾಳೆ.

ನಿನ್ನೆ ಅಂಗಡಿಗೆ ಹೋಗಿದ್ದೆ. ದರ್ಜಿ ತಲೆಯೆತ್ತಲಿಲ್ಲ. "ಬಿಡಿ ಟೀಚರ್, ಹೊಲಿಗೆ ಕಲಿಸ್ತೀನಿ. ಮಷೀನ್ ಮುಂದೆ ಮಾತೇ ಬೇಕಾಗಿಲ್ಲ" ಎಂದ. ಅವನ ಮೇಲೆ ಸಿಟ್ಟು ಬಂತು, ಅದಕ್ಕಿಂತ ಹೆಚ್ಚು ನನ್ನ ಬಗ್ಗೆಯೇ ನಾಚಿಕೆಯಾಯಿತು. ಮಗಳು ಬಟ್ಟೆ ತುಂಡುಗಳ ನಡುವೆ ಕೂತಿದ್ದಳು. "ನಾಳೆ ಬಾರೇ, ನಿನ್ನ ಗುಂಡಿ ಬುಟ್ಟಿಯಲ್ಲೇ ಇದೆ" ಎಂದೆ. ಅವಳು ಬಾಯಿ ತೆರೆದಳು. ನಾನು ಕಾದೆ. ಅಪ್ಪನೂ ಮಷೀನು ನಿಲ್ಲಿಸಿ ಕಾದ.

"ಮ… ಮ… ಮತ್ತೆ ಗಂಟೆ ತರ್ತಾರಾ, ಟೀಚರ್?"

ಆ ಸೊನ್ನೆಯನ್ನು ರದ್ದುಮಾಡಿ. ಅವಳನ್ನು ಇನ್ನೊಮ್ಮೆ ಕೇಳಿ, ಉತ್ತರ ಬರುವವರೆಗೆ ಕೂತಿರಿ. ಕುರ್ಚಿ ನಾನು ಕೊಡುತ್ತೇನೆ. 'ಗಂಟೆ ತರುವುದಿಲ್ಲ ಕಣೇ' ಎಂದು ನಿನ್ನೆ ಅವಳಿಗೆ ಹೇಳುವ ಅಧಿಕಾರ ನನಗಿರಲಿಲ್ಲ, ಎದ್ದು ಬಂದೆ. ಆ ಒಂದು ಮಾತನ್ನು ನೀವು ಹೇಳಬೇಕು.

ಇಂತಿ,
ಆ ಗಂಟೆ ಬಾರಿಸಿದಾಗ ಪಕ್ಕದಲ್ಲೇ ನಿಂತಿದ್ದೂ ತುಟಿ ಬಿಚ್ಚದ,
ಉಗ್ಗಿಲ್ಲದ ಇಂಗ್ಲಿಷ್ ಟೀಚರ್