ಹೊಳೆವ್ವನಿಗೆ ಹತ್ತು ಅಂಕ

ವಿದ್ಯಾನಗರ, ದಾವಣಗೆರೆ

ಪ್ರೀತಿಯ ರಶ್ಮಿತಾ,

“ಬೆಟ್ಟವನ್ನು ಎತ್ತಬಹುದು, ಹೋದವರನ್ನು ಕರೆಯಲಾಗದು.” ನೀವಿಬ್ಬರೂ ಕಟ್ಟಿದ ಮಾಯಾಲೋಕದ ನಿಯಮ ಹೀಗೇ ಇತ್ತೇ? ಅಥವಾ ‘ಕರೆಯಬಾರದು’ ಎಂದಿತ್ತೇ? ಅದನ್ನು ಬರೆದಿಟ್ಟ ನೋಟ್‌ಬುಕ್ಕನ್ನು ಹರಿಹರಕ್ಕೆ ನಿನಗೇ ಕಳಿಸಿಬಿಟ್ಟಿದ್ದೇನೆ, ನೋಡಿ ಹೇಳು.

ನಿಮ್ಮ ಪಾತ್ರಗಳಲ್ಲಿ ಯಾರ ಬಲ ಹೆಚ್ಚೆಂದು ನೀನೂ ಕೃತಿಕಾಳೂ ಎಂಟು ವರ್ಷ ಅದರಲ್ಲಿ ಬರೆಬರೆದು ವಾದಿಸಿದಿರಿ. ನಿನ್ನ ಕಲ್ಲುದೈತ್ಯನಿಗೆ ಒಂಬತ್ತು ಅಂಕ, ನನ್ನ ಮಗಳ ಹೊಳೆವ್ವನಿಗೆ ಎಂಟು. ಕೃತಿಕಾ ತೀರಿಕೊಂಡ ಮೂರನೇ ವಾರ ನಾನೊಂದು ತಪ್ಪು ಮಾಡಿದೆ. ಹೊಳೆವ್ವ ಸತ್ತವರನ್ನು ಎಬ್ಬಿಸಬಲ್ಲಳು ಎಂದು ಅವಳ ಅಕ್ಷರದಂತೆಯೇ ಬರೆದು ಹತ್ತು ಅಂಕ ಕೊಟ್ಟೆ. ಕೊನೆಯ ಪುಟದಲ್ಲಿದೆ. ದಯವಿಟ್ಟು ಹೊಡೆದುಹಾಕು. ಅವಳು ಆಟದಲ್ಲಿ ಎಂದೂ ಮೋಸ ಮಾಡಿದವಳಲ್ಲ.

ಹಾಗೆ ಬರೆದ ದಿನ ಸಂಜೆ ನಿಮ್ಮ ವಾದವನ್ನೆಲ್ಲ ಮೊದಲಿನಿಂದ, ಒಮ್ಮೆ ನಿನ್ನ ಹಾಗೆ, ಒಮ್ಮೆ ಅವಳ ಹಾಗೆ, ಗಟ್ಟಿಯಾಗಿ ಓದುತ್ತಾ ಕೂತಿದ್ದೆ. ಯಾರೋ ಬಾಗಿಲು ತಟ್ಟಿದರು. ಪಕ್ಕದ ಮನೆಗೆ ಆ ವಾರವಷ್ಟೇ ಬಂದಿದ್ದ ಕಾಟಮ್ಮ, ಕೈಯಲ್ಲಿ ಒಗ್ಗರಣೆ ಮಂಡಕ್ಕಿಯ ಡಬ್ಬಿ. ಅವರಿಗೆ ಏನೂ ಗೊತ್ತಿರಲಿಲ್ಲ. ನಗುತ್ತಾ ಹೇಳಿದರು: “ತಾಯಿ ಮಗಳು ಜಗಳಾಡೋದು ಕೇಳಿಸ್ತು. ಅದಕ್ಕ ಇಬ್ಬರಿಗೂ ಆಗೋಷ್ಟು ತಂದೀನಿ, ತಗೊಳ್ರಿ.”

ಇಂತಿ,
ಕೃತಿಕಾಳ ಅಮ್ಮ