ಲೇಬಲ್ ಕಿತ್ತ ಬಾಟಲಿ

ಮಾರ್ಚ್ ೧೧, ಮಂಗಳವಾರ

ತೇಗಿದರೆ ಮೀನಿನ ವಾಸನೆ ಯಾಕೆ ಬರುತ್ತದೆಂದು ವಾರದಿಂದ ತಲೆ ಕೆಡಿಸಿಕೊಂಡಿದ್ದೆ. ಈ ಮನೆಯೊಳಗೆ ಮೊಟ್ಟೆ ಕೂಡ ಬರುವುದಿಲ್ಲ. ಇವತ್ತು ಕಸದ ಬುಟ್ಟಿಯಲ್ಲಿ ಲೇಬಲ್ ಸಿಕ್ಕಿತು: ಮೀನೆಣ್ಣೆ ಮಾತ್ರೆ. ಅತ್ತೆ ದಿನಾ ವಿಟಮಿನ್ ಎಂದು ಕೊಡುವ ಬಾಟಲಿಯದೇ.

ಕೇಳಿದೆ. ಬೇಳೆ ಆರಿಸುತ್ತಲೇ ಹೇಳಿದರು, "ಹೊಟ್ಟೆಲಿರೋ ಮಗು ತಲೆ ಚುರುಕಾಗುತ್ತಂತೆ. ನಿಮ್ಮ ಮಾವನಿಗೆ ಮಾತ್ರ ಹೇಳ್ಬೇಡ."

ಗಂಡನಿಗೆ ಹೇಳಿದರೆ, "ಅಮ್ಮ ಇಷ್ಟಕ್ಕೆ ಒಪ್ಪಿದ್ದೇ ದೊಡ್ಡದು. ನುಂಗ್ಬಿಡು," ಅಂದ.

ನಾನು ಒಪ್ಪಿದೆನೇ ಎಂದು ಯಾರೂ ಕೇಳಲಿಲ್ಲ. ನುಂಗಿದರೆ ನನಗೆ ಹೇಸಿಗೆ. ಬಿಟ್ಟರೆ, ನಾಳೆ ಮಗು ಮಗ್ಗಿ ತಪ್ಪಿದಾಗಲೆಲ್ಲ ಇವರು ನನ್ನ ಮುಖ ನೋಡುತ್ತಾರೆ. ನಾನೂ ನೋಡಿಕೊಳ್ಳುತ್ತೇನೆ.

ನಾಳೆ ಬೆಳಗಿನ ಮಾತ್ರೆ ಆಗಲೇ ನೀರಿನ ಲೋಟದ ಪಕ್ಕದಲ್ಲಿದೆ. ಮಾವನಿಗೆ ವಾಸನೆ ಬಡಿಯದಿರಲೆಂದು ಅತ್ತೆ ಜೊತೆಗೊಂದು ಏಲಕ್ಕಿಯನ್ನೂ ಇಟ್ಟಿದ್ದಾರೆ.